ಮೇಲಿನ ತೂಬು, ಕೆಳಗಿನ ಗದ್ದೆ: ಲಿನಕ್ಸ್ ಕರ್ನಲ್‌ನ ಆಯ್ಕೆಗಳನ್ನು ಹೊಂದಿಸುವ ಬಗೆ

ಮಂಡ್ಯದ ಎಂಜಿನಿಯರಿಂಗ್ ಕಾಲೇಜೊಂದರ ಅಂತಿಮ ವರ್ಷದ ಮೂವರು ವಿದ್ಯಾರ್ಥಿಗಳು ಮೈಸೂರಿನ ನಮ್ಮ ಮನೆಗೆ ಅಂಗೈಯಗಲದ ಒಂದು ಬೋರ್ಡನ್ನು ಹಿಡಿದು ಬಂದಿದ್ದರು. ಮದ್ದೂರಿನ ಬಳಿಯ ಕಬ್ಬಿನ ಗದ್ದೆಯೊಂದರಲ್ಲಿ ಮಣ್ಣಿನ ತೇವವನ್ನು ಅಳೆಯುವುದು, ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಯಾವಾಗ ಬಂತು, ಯಾವಾಗ ಹೋಯಿತು ಎಂಬುದನ್ನು ಬರೆದಿಟ್ಟುಕೊಳ್ಳುವುದು ಆ ಬೋರ್ಡಿನ ಕೆಲಸ. ಅದರೊಳಗೆ ಓಡುತ್ತಿದ್ದುದು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ. ಅಳತೆಯ ಉಪಕರಣವನ್ನು ಬೋರ್ಡಿಗೆ ಜೋಡಿಸುವ ಯುಎಸ್‌ಬಿ ಕೇಬಲ್ಲಿನಲ್ಲಿ ಸಿಎಚ್341 ಎಂಬ, ಅಗ್ಗದ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಚಿಪ್ ಇತ್ತು. ಬೋರ್ಡಿನ ಕರ್ನಲ್‌ಗೆ, ಎಂದರೆ ಯಂತ್ರದ ಭಾಗಗಳನ್ನೆಲ್ಲ ನಡೆಸುವ ಲಿನಕ್ಸ್‌ನ ತಿರುಳಿಗೆ, ಮಾತ್ರ ಆ ಚಿಪ್ಪಿನ ಪರಿಚಯವೇ ಇರಲಿಲ್ಲ.

ವಿದ್ಯಾರ್ಥಿಗಳು ಸುಮ್ಮನೆ ಕುಳಿತವರಲ್ಲ. ಕರ್ನಲ್‌ನ ಸೋರ್ಸ್ ಕೋಡನ್ನು ಇಳಿಸಿಕೊಂಡು, ಡಾಟ್ ಕಾನ್ಫಿಗ್ ಎಂಬ ಸಂರಚನಾ ಕಡತವನ್ನು ತೆರೆದು, ‘ಕಾನ್ಫಿಗ್_ಯುಎಸ್‌ಬಿ_ಸೀರಿಯಲ್_ಸಿಎಚ್341=ವೈ’ ಎಂಬ ಸಾಲನ್ನು ಕೈಯಾರೆ ಸೇರಿಸಿ, ಇಡೀ ಕರ್ನಲ್ಲನ್ನು ಮತ್ತೆ ಕಂಪೈಲ್ ಮಾಡಿದ್ದರು, ಎಂದರೆ ಸೋರ್ಸ್ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತಂದಿದ್ದರು. ದೋಷದ ಸಂದೇಶ ಒಂದೂ ಬರಲಿಲ್ಲ. ಆದರೂ ಕೇಬಲ್ ಕೆಲಸ ಮಾಡಲಿಲ್ಲ. ಕಡತವನ್ನು ಮತ್ತೆ ತೆರೆದು ನೋಡಿದರೆ ಅವರು ಬರೆದ ಸಾಲೇ ಅಲ್ಲಿರಲಿಲ್ಲ. ‘ಸಾರ್, ಬರ್ದಿದ್ದು ನಾವೇ, ಅಳ್ಸಿದ್ದು ಯಾರು?’ ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಕರ್ನಲ್ ಸಂರಚನೆಯ ಬಹುಪಾಲು ತಿಳಿದಂತೆಯೇ ಆದ್ದರಿಂದ, ಅದನ್ನೇ ಹಿಡಿದುಕೊಂಡು ಮುಂದೆ ಹೋಗೋಣ.

ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ತಮ್ಮ ಒಂದು ಕಂಪ್ಯೂಟರಿಗಾಗಿ ಬರೆಯತೊಡಗಿದ ಕರ್ನಲ್ ಇಂದು ಮೊಬೈಲ್ ಫೋನಿನಿಂದ ಹಿಡಿದು ಜಗತ್ತಿನ ಅತಿವೇಗದ 500 ಸೂಪರ್ ಕಂಪ್ಯೂಟರ್‌ಗಳವರೆಗೆ ಎಲ್ಲ ಕಡೆಯೂ ಓಡುತ್ತಿದೆ. ಸೋರ್ಸ್ ಕೋಡ್ ಒಂದೇ, ಓಡುವ ಯಂತ್ರಗಳು ನೂರಾರು ಬಗೆ. ಕಬ್ಬಿನ ಗದ್ದೆಯ ಬೋರ್ಡಿಗೆ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್, ಎಂದರೆ ಆ ಕಾರ್ಡನ್ನು ನಡೆಸುವ ಕೋಡು, ಬೇಡ. ಸರ್ವರ್ ಯಂತ್ರಕ್ಕೆ ಟಚ್‌ಸ್ಕ್ರೀನ್ ಬೇಡ. ಆದ್ದರಿಂದ ಕಂಪೈಲ್ ಮಾಡುವ ಮುನ್ನವೇ ಯಾವ ಭಾಗ ಒಳಗಿರಬೇಕು, ಯಾವುದು ಹೊರಗಿರಬೇಕು ಎಂದು ತೀರ್ಮಾನಿಸಬೇಕಾಗುತ್ತದೆ. ಹೀಗೆ ತೀರ್ಮಾನಿಸಬೇಕಾದ ಆಯ್ಕೆಗಳ ಸಂಖ್ಯೆ 10,000ವನ್ನು ಎಂದೋ ದಾಟಿದೆ. ಅವುಗಳಲ್ಲಿ ಬಹುಪಾಲು ನಾವು ಎಂದೂ ಕಣ್ಣಿನಿಂದ ಕಾಣದ ಯಂತ್ರಗಳ ಡ್ರೈವರ್‌ಗಳಾದ್ದರಿಂದ ಈ ಸಂಖ್ಯೆಗೆ ಹೆದರಬೇಕಾಗಿಲ್ಲ.

ಬಹಳಷ್ಟು ಆಯ್ಕೆಗಳಿಗೆ ಇರುವುದು ಮೂರೇ ಉತ್ತರ. ವೈ ಎಂದರೆ ಆ ಭಾಗವು ಕರ್ನಲ್ಲಿನ ಮುಖ್ಯ ಕಡತದೊಳಗೇ ಬೆಸೆದುಕೊಂಡಿರುತ್ತದೆ, ಯಂತ್ರ ಚಾಲೂ ಆದ ಕ್ಷಣದಿಂದ ಜೊತೆಗಿರುತ್ತದೆ. ಎಮ್ ಎಂದರೆ ಅದು ಮಾಡ್ಯೂಲ್ ಎಂಬ ಬೇರೆ ಕಡತವಾಗಿ ಡಿಸ್ಕಿನಲ್ಲಿ ಕುಳಿತಿದ್ದು, ಬೇಕಾದಾಗ ಮೆಮೊರಿಗೆ ಏರುತ್ತದೆ. ಎನ್ ಎಂದರೆ ಅದನ್ನು ಕಂಪೈಲ್ ಮಾಡುವುದೇ ಇಲ್ಲ. ಮಾಡ್ಯೂಲ್ ಆಗಲಾರದ ಕೆಲವು ಆಯ್ಕೆಗಳಿಗೆ ವೈ ಮತ್ತು ಎನ್ ಎರಡೇ ಉತ್ತರ. ಗರಿಷ್ಠ ಪ್ರೊಸೆಸರ್‌ಗಳ ಸಂಖ್ಯೆಯಂಥ ಇನ್ನು ಕೆಲವಕ್ಕೆ ಅಂಕಿಯನ್ನೋ ಪದವನ್ನೋ ಕೊಡಬೇಕು.

ಈ ಉತ್ತರ ಸೋರ್ಸ್ ಕೋಡನ್ನು ಹೇಗೆ ಮುಟ್ಟುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಅದರ ಸರಳತೆ ನನಗೆ ಇಂದಿಗೂ ಸೊಗಸೆನಿಸುತ್ತದೆ. ಸೋರ್ಸ್ ಕೋಡಿನ ಪ್ರತಿಯೊಂದು ಕೋಶದಲ್ಲಿ (ಫೋಲ್ಡರಿನಲ್ಲಿ), ಏನನ್ನು ಕಂಪೈಲ್ ಮಾಡಬೇಕೆಂದು ಹೇಳುವ ಮೇಕ್‌ಫೈಲ್ ಎಂಬ ಕಡತವಿದ್ದು, ಅದರಲ್ಲಿ ಡ್ರೈವರಿಗೊಂದು ಸಾಲಿರುತ್ತದೆ. ಆ ಸಾಲು ‘ಆಬ್ಜ್’ ಎಂಬ ಪದದಿಂದ ಶುರುವಾಗಿ, ಅದರ ಮುಂದೆ ಒಂದು ಅಡ್ಡಗೆರೆ, ಅಡ್ಡಗೆರೆಯ ಮುಂದೆ ಆಯ್ಕೆಯ ಹೆಸರು ಇರುತ್ತದೆ. ಕಂಪೈಲ್ ಶುರುವಾದಾಗ ಆ ಹೆಸರಿನ ಜಾಗದಲ್ಲಿ ನಮ್ಮ ಉತ್ತರ ಬಂದು ಕೂರುತ್ತದೆ. ಉತ್ತರ ವೈ ಆಗಿದ್ದರೆ ಅದು ‘ಆಬ್ಜ್-ವೈ’ ಪಟ್ಟಿಗೆ, ಎಂದರೆ ಕರ್ನಲ್ಲಿನೊಳಗೆ ಬೆಸೆಯಬೇಕಾದ ಕಡತಗಳ ಪಟ್ಟಿಗೆ ಸೇರುತ್ತದೆ. ಎಮ್ ಆಗಿದ್ದರೆ ‘ಆಬ್ಜ್-ಎಮ್’ ಪಟ್ಟಿಗೆ, ಎಂದರೆ ಮಾಡ್ಯೂಲ್‌ಗಳ ಪಟ್ಟಿಗೆ ಹೋಗುತ್ತದೆ. ಉತ್ತರವೇ ಇಲ್ಲದಿದ್ದರೆ ಅಡ್ಡಗೆರೆಯ ಮುಂದೆ ಖಾಲಿ ಉಳಿದು, ಯಾರೂ ಓದದ ಪಟ್ಟಿಯೊಂದಕ್ಕೆ ಆ ಕಡತ ಸೇರಿಬಿಡುತ್ತದೆ. ‘ಆದರೆ’, ‘ಇಲ್ಲವಾದರೆ’ ಎಂಬ ಷರತ್ತುಗಳ ಗೋಜಿಲ್ಲದೆ ಸಾವಿರಾರು ಡ್ರೈವರ್‌ಗಳ ಹಣೆಬರಹ ಹೀಗೆ ಒಂದೊಂದು ಅಕ್ಷರದಲ್ಲಿ ತೀರ್ಮಾನವಾಗುತ್ತದೆ.

ಇಷ್ಟೇ ಆಗಿದ್ದರೆ ವಿದ್ಯಾರ್ಥಿಗಳ ಸಾಲು ಮಾಯವಾಗಬೇಕಾಗಿರಲಿಲ್ಲ. ಅವರು ಈ ಆಯ್ಕೆಗಳನ್ನು ಗೋಡೆಯ ಮೇಲೆ ಸಾಲಾಗಿ ಬಡಿದ ಸ್ವಿಚ್ಚುಗಳೆಂದು ಭಾವಿಸಿದ್ದರು. ಅವು ಸ್ವಿಚ್ಚುಗಳಲ್ಲ, ತೂಬುಗಳು. ಮಂಡ್ಯದ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭವಾಯಿತು. ಕನ್ನಂಬಾಡಿಯಿಂದ ಹೊರಟ ನೀರು ವಿಶ್ವೇಶ್ವರಯ್ಯ ನಾಲೆಗೆ ಬಂದು, ಅಲ್ಲಿಂದ ಕವಲು ನಾಲೆಗೆ, ಕವಲಿನಿಂದ ಸೀಳು ನಾಲೆಗೆ ಇಳಿದು, ಕೊನೆಗೆ ಗದ್ದೆಯ ಬದುವಿನ ತೂಬಿಗೆ ಬರುತ್ತದೆ. ಕವಲಿನ ಬಾಗಿಲು ಮುಚ್ಚಿರುವಾಗ ನಿಮ್ಮ ಗದ್ದೆಯ ತೂಬನ್ನು ಎಷ್ಟೇ ಎತ್ತಿಟ್ಟರೂ ಬರುವುದು ಗಾಳಿ ಮಾತ್ರ. ಕರ್ನಲ್ಲಿನಲ್ಲಿಯೂ ಸಿಎಚ್341 ಎಂಬ ಆಯ್ಕೆ ‘ಯುಎಸ್‌ಬಿ ಸೀರಿಯಲ್’ ಎಂಬ ಮೇಲಿನ ಆಯ್ಕೆಯ ಕೆಳಗಿದೆ; ಅದು ಯುಎಸ್‌ಬಿಯನ್ನೂ, ಟರ್ಮಿನಲ್ ಸಾಧನಗಳನ್ನು ನೋಡಿಕೊಳ್ಳುವ ಟಿಟಿವೈ ಎಂಬ ಭಾಗವನ್ನೂ ನಂಬಿಕೊಂಡಿದೆ. ಯಾವುದು ಯಾವುದರ ಕೆಳಗೆ ಬರುತ್ತದೆ ಎಂಬ ಈ ಲೆಕ್ಕವನ್ನೆಲ್ಲ ಇಟ್ಟುಕೊಂಡಿರುವುದು ಕೆಕಾನ್ಫಿಗ್ ಎಂಬ ವ್ಯವಸ್ಥೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಅದು ಕರ್ನಲ್ಲಿನ ನೀರುಗಂಟಿ, ಎಂದರೆ ನಾಲೆಯ ನೀರು ಹಂಚುವವನು.

ಈ ಹೋಲಿಕೆ ನಾನು ಮೊದಲು ಎಣಿಸಿದ್ದಕ್ಕಿಂತ ಹೆಚ್ಚು ದೂರ ಬರುತ್ತದೆ. ಕೆಕಾನ್ಫಿಗ್ ತನ್ನೊಳಗೆ ಎನ್, ಎಮ್, ವೈಗಳನ್ನು 0, 1, 2 ಎಂಬ ಅಂಕಿಗಳಾಗಿಯೇ ಎಣಿಸುತ್ತದೆ. ಒಂದು ಆಯ್ಕೆ ಎರಡು ಮೂರು ಆಯ್ಕೆಗಳನ್ನು ಒಟ್ಟಿಗೆ ನಂಬಿಕೊಂಡಿದ್ದರೆ ಅವುಗಳಲ್ಲಿ ಅತಿ ಚಿಕ್ಕ ಅಂಕಿ ಯಾವುದೋ ಅದೇ ಆ ಆಯ್ಕೆಯ ಮೇಲ್ಮಿತಿಯಾಗುತ್ತದೆ. ಇದೋ ಅದೋ ಯಾವುದಾದರೊಂದು ಸಾಕು ಎಂಬಲ್ಲಿ ಅತಿ ದೊಡ್ಡ ಅಂಕಿಯನ್ನು ತೆಗೆದುಕೊಳ್ಳಲಾಗುತ್ತದೆ. ಆದ್ದರಿಂದ ಯುಎಸ್‌ಬಿ ಸೀರಿಯಲ್ ಎಮ್ ಆಗಿದ್ದರೆ ಸಿಎಚ್341ಕ್ಕೆ ವೈ ಎನ್ನಲು ಬರುವುದಿಲ್ಲ, ಹೆಚ್ಚೆಂದರೆ ಎಮ್ ಎನ್ನಬಹುದು. ಮೇಲಿನ ಬಾಗಿಲು ಅರ್ಧ ತೆರೆದಿರುವಾಗ ಕೆಳಗಿನ ಕಾಲುವೆ ತುಂಬಿ ಹರಿಯದು. ಇದರ ಹಿಂದಿನ ಕಾರಣವೂ ತರ್ಕಬದ್ಧವೇ: ಮುಖ್ಯ ಕಡತದೊಳಗೆ ಬೆಸೆದುಕೊಂಡ ಡ್ರೈವರ್, ಇನ್ನೂ ಮೆಮೊರಿಗೆ ಏರದಿರುವ ಮಾಡ್ಯೂಲಿನೊಳಗಿನ ಫಂಕ್ಷನ್ನನ್ನು ಕರೆಯಲು ಹೋದರೆ ಅದು ಅಲ್ಲಿ ಇರುವುದೇ ಇಲ್ಲ.

ಈಗ ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರಿಸಬಹುದು. ಅವರ ಬೋರ್ಡಿಗೆ ಮೊದಲ ಕರ್ನಲ್ ಕಟ್ಟಿದವರು ಗಾತ್ರವನ್ನು ಇಳಿಸಲು ಯುಎಸ್‌ಬಿ ಸೀರಿಯಲ್ ಎಂಬ ಕವಲನ್ನೇ ಮುಚ್ಚಿದ್ದರು. ವಿದ್ಯಾರ್ಥಿಗಳು ಎತ್ತಿದ್ದು ಗದ್ದೆಯಂಚಿನ ತೂಬನ್ನು ಮಾತ್ರ. ಕಂಪೈಲ್ ಶುರುವಾಗುವ ಮೊದಲು ಕೆಕಾನ್ಫಿಗ್ ಡಾಟ್ ಕಾನ್ಫಿಗ್ ಕಡತವನ್ನು ಓದಿ, ತನ್ನ ಲೆಕ್ಕಕ್ಕೆ ಹೊಂದದ ಉತ್ತರಗಳನ್ನು ಕೈಬಿಟ್ಟು, ಕಡತವನ್ನು ಹೊಸದಾಗಿ ಬರೆದಿಡುತ್ತದೆ. ಅಳಿಸಿದವರು ಯಾರೆಂದರೆ ನೀರುಗಂಟಿಯೇ, ಅದೂ ಒಂದು ಮಾತನ್ನೂ ಆಡದೆ. ಈ ಮೌನ ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ‘ನೀವು ಕೇಳಿದ್ದನ್ನು ಕೊಡಲಾಗಲಿಲ್ಲ’ ಎಂಬ ಒಂದು ಸಾಲಿನ ಎಚ್ಚರಿಕೆ ಇದ್ದಿದ್ದರೆ ಆ ಮೂವರ ಎರಡು ದಿನ ಉಳಿಯುತ್ತಿತ್ತು. ಆದ್ದರಿಂದ ಡಾಟ್ ಕಾನ್ಫಿಗ್ ಕಡತವನ್ನು ಕೈಯಿಂದ ತಿದ್ದುವವರು ತಿದ್ದಿದ ಕೂಡಲೇ ಕೆಕಾನ್ಫಿಗ್‌ನಿಂದ ಈ ಲೆಕ್ಕವನ್ನು ಆಗಲೇ ಮಾಡಿಸುವ ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಎಂಬ ಆದೇಶವನ್ನು ಕೊಟ್ಟು, ತಮ್ಮ ಸಾಲು ಉಳಿದಿದೆಯೇ ಎಂದು ಹುಡುಕಿ ನೋಡಿದ ಮೇಲೆಯೇ ಕಂಪೈಲಿಗೆ ಇಳಿಯಬೇಕು.

ಕೈಯಿಂದ ತಿದ್ದುವುದಕ್ಕಿಂತ ‘ಮೇಕ್ ಮೆನುಕಾನ್ಫಿಗ್’ ಒಳ್ಳೆಯ ದಾರಿ. ಟರ್ಮಿನಲ್ಲಿನಲ್ಲಿಯೇ ತೆರೆಯುವ ಈ ಪಟ್ಟಿಯಲ್ಲಿ ಓರೆಗೆರೆಯ ಕೀಲಿಯನ್ನು ಒತ್ತಿ ಸಿಎಚ್341 ಎಂದು ಹುಡುಕಿದರೆ, ಆ ಆಯ್ಕೆ ಯಾವ ಪಟ್ಟಿಯ ಯಾವ ಒಳಪಟ್ಟಿಯಲ್ಲಿದೆ, ಯಾವ ಯಾವುದನ್ನು ನಂಬಿಕೊಂಡಿದೆ, ಅವುಗಳಲ್ಲಿ ಪ್ರತಿಯೊಂದರ ಈಗಿನ ಉತ್ತರವೇನು ಎಂಬುದೆಲ್ಲ ಒಂದೇ ಪರದೆಯಲ್ಲಿ ಬರುತ್ತದೆ. ಎಲ್ಲಿ ಎನ್ ಎಂದಿದೆಯೋ ಅಲ್ಲೇ ಬಾಗಿಲು ಮುಚ್ಚಿದೆ. ಪ್ರಶ್ನಾರ್ಥಕ ಚಿಹ್ನೆಯನ್ನು ಒತ್ತಿದರೆ ಆಯ್ಕೆಯ ವಿವರಣೆ ಸಿಗುತ್ತದೆ; ಎಷ್ಟೋ ವಿವರಣೆಗಳ ಕೊನೆಯ ಸಾಲು ‘ಖಚಿತವಿಲ್ಲದಿದ್ದರೆ ಎನ್ ಎನ್ನಿ’ ಎಂದೇ ಇರುತ್ತದೆ, ಮತ್ತು ಹೆಚ್ಚಿನ ಸಲ ಆ ಮಾತನ್ನು ಕೇಳುವುದು ಕ್ಷೇಮ.

ನಾಲೆಯ ಕೆಳಭಾಗದಲ್ಲಿ ರಾತ್ರಿ ಹೊತ್ತು ನೀರುಗಂಟಿಯನ್ನು ಕೇಳದೆ ಬಾಗಿಲು ಎತ್ತುವವರು ಇರುವಂತೆ ಕೆಕಾನ್ಫಿಗ್‌ನಲ್ಲಿಯೂ ಒಂದು ಅಡ್ಡದಾರಿಯಿದೆ. ಅದರ ಹೆಸರು ‘ಸೆಲೆಕ್ಟ್’. ಒಂದು ಆಯ್ಕೆ ಇನ್ನೊಂದನ್ನು ಸೆಲೆಕ್ಟ್ ಮಾಡಿದರೆ ಆ ಇನ್ನೊಂದು ತನ್ನ ಮೇಲಿನ ಬಾಗಿಲುಗಳು ತೆರೆದಿವೆಯೋ ಇಲ್ಲವೋ ಎಂದು ನೋಡದೆ ಚಾಲೂ ಆಗಿಬಿಡುತ್ತದೆ. ತನ್ನದೇ ಅವಲಂಬನೆಗಳಿಲ್ಲದ, ಪಟ್ಟಿಯಲ್ಲಿ ಕಾಣಿಸದ ಸಣ್ಣ ಸಹಾಯಕ ಭಾಗಗಳಿಗೆ ಮಾತ್ರ ಇದನ್ನು ಬಳಸಬೇಕೆಂದು ಕರ್ನಲ್ಲಿನ ದಾಖಲೆಗಳೇ ಎಚ್ಚರಿಸುತ್ತವೆ. ಎಚ್ಚರಿಕೆಯನ್ನು ಮೀರಿದಾಗ ‘ನೇರ ಅವಲಂಬನೆಗಳು ಪೂರೈಸಿಲ್ಲ’ ಎಂಬರ್ಥದ ಸಂದೇಶ ಬರುತ್ತದೆ. ನೀವು ಒಂದು ಆಯ್ಕೆಗೆ ಎನ್ ಎನ್ನಲು ಎಷ್ಟು ಯತ್ನಿಸಿದರೂ ಅದು ಬಗ್ಗದೆ ವೈ ಆಗಿಯೇ ಉಳಿದರೆ, ಯಾರೋ ಅದನ್ನು ಸೆಲೆಕ್ಟ್ ಮಾಡಿದ್ದಾರೆ ಎಂದರ್ಥ. ಯಾರೆಂಬುದನ್ನು ಅದೇ ಹುಡುಕುವ ಪರದೆ ಹೇಳುತ್ತದೆ.

ಈ ವ್ಯವಸ್ಥೆ ಮೊದಲಿನಿಂದಲೂ ಹೀಗಿರಲಿಲ್ಲ. ಎರಿಕ್ ರೇಮಂಡ್ ಎಂಬ ಪ್ರೋಗ್ರಾಮರ್ ಪೈಥಾನ್ ಭಾಷೆಯಲ್ಲಿ ಸಿಎಂಎಲ್2 ಎಂಬ ಹೊಸ ವ್ಯವಸ್ಥೆಯನ್ನು ಬರೆದರೂ ಕರ್ನಲ್ ಬರೆಯುವವರು ಅದನ್ನು ಒಪ್ಪಲಿಲ್ಲ. 2002ರಲ್ಲಿ 2.5.45ನೆಯ ಆವೃತ್ತಿಯ ಹೊತ್ತಿಗೆ ರೋಮನ್ ಜಿಪ್ಪೆಲ್ ಬರೆದ ಕೆಕಾನ್ಫಿಗ್ ಒಳಗೆ ಬಂತು. ಇಂದು ಬ್ಯುಸಿಬಾಕ್ಸ್, ಯು-ಬೂಟ್, ಬಿಲ್ಡ್‌ರೂಟ್, ಜೆಫಿರ್ ಮೊದಲಾದ ಯೋಜನೆಗಳೂ ಅದನ್ನೇ ಬಳಸುತ್ತಿರುವುದರಿಂದ, ಒಮ್ಮೆ ಕಲಿತದ್ದು ಬೇರೆಡೆಯೂ ಉಪಯೋಗಕ್ಕೆ ಬರುತ್ತದೆ.

ಎಲ್ಲಿಂದ ಶುರುಮಾಡಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಒಂದೇ: ಈಗಾಗಲೇ ಓಡುತ್ತಿರುವ ಕರ್ನಲ್ಲಿನ ಸಂರಚನೆಯಿಂದ. ಉಬುಂಟು, ಡೆಬಿಯನ್ ಎಂಬ ಲಿನಕ್ಸ್ ವಿತರಣೆಗಳಲ್ಲಿ ಅದು ಬೂಟ್ ಕೋಶದೊಳಗೆ ಕಾನ್ಫಿಗ್ ಎಂಬ ಪದದಿಂದ ಶುರುವಾಗುವ ಹೆಸರಿನಲ್ಲಿ ಇರುತ್ತದೆ. ಸಣ್ಣ ಬೋರ್ಡುಗಳಲ್ಲಿ, ಕಟ್ಟಿದವರು ಅನುವು ಮಾಡಿಕೊಟ್ಟಿದ್ದರೆ, ಪ್ರೊಕ್ ಕೋಶದೊಳಗಿನ ಕಾನ್ಫಿಗ್ ಡಾಟ್ ಜಿಜೆಡ್ ಎಂಬ ಕಡತದಲ್ಲಿ ಸಿಗುತ್ತದೆ. ಅದನ್ನು ಡಾಟ್ ಕಾನ್ಫಿಗ್ ಎಂಬ ಹೆಸರಿಗೆ ನಕಲು ಮಾಡಿ ‘ಮೇಕ್ ಓಲ್ಡ್‌ಕಾನ್ಫಿಗ್’ ಎಂದರೆ, ಹೊಸ ಆವೃತ್ತಿಯಲ್ಲಿ ಸೇರಿರುವ ಆಯ್ಕೆಗಳನ್ನು ಮಾತ್ರ ಒಂದೊಂದಾಗಿ ಕೇಳುತ್ತದೆ. ಉಬುಂಟುವಿನ ಸಂರಚನೆಯನ್ನು ತಂದವರು ಒಂದು ಮುಳ್ಳನ್ನು ಮೊದಲೇ ತೆಗೆದಿಡಬೇಕು: ನಂಬಿಕೆಯ ಕೀಲಿಗಳಿಗೆ ಸಂಬಂಧಿಸಿದ ಆಯ್ಕೆಯಲ್ಲಿ ಉಬುಂಟುವನ್ನು ಹೊರತರುವ ಕೆನಾನಿಕಲ್ ಕಂಪನಿಯ ಪ್ರಮಾಣಪತ್ರದ ಕಡತದ ಹೆಸರಿರುತ್ತದೆ, ಆ ಕಡತ ಮೂಲ ಕರ್ನಲ್ಲಿನ ಸೋರ್ಸ್ ಕೋಡಿನೊಂದಿಗೆ ಬರುವುದಿಲ್ಲ, ಹೀಗಾಗಿ ಕಂಪೈಲ್ ನಡುವೆಯೇ ನಿಲ್ಲುತ್ತದೆ. ಆ ಹೆಸರನ್ನೂ, ರದ್ದಾದ ಕೀಲಿಗಳ ಆಯ್ಕೆಯಲ್ಲಿ ಅಂಥದೇ ಹೆಸರಿದ್ದರೆ ಅದನ್ನೂ ಅಳಿಸಿ ಖಾಲಿ ಬಿಡಬೇಕು.

ಉಬುಂಟುವಿನಂಥ ವಿತರಣೆಯ ಸಂರಚನೆಯಲ್ಲಿ ಲೋಕದ ಯಂತ್ರಗಳಿಗೆಲ್ಲ ಬೇಕಾದ ಡ್ರೈವರ್‌ಗಳಿರುವುದರಿಂದ ಕಂಪೈಲ್ ಗಂಟೆಗಟ್ಟಲೆ ಹಿಡಿಯಬಹುದು, ಡೀಬಗ್ ಮಾಹಿತಿಯೂ ಸೇರಿದರೆ ಡಿಸ್ಕಿನಲ್ಲಿ ಹತ್ತಾರು ಜಿಬಿ ಜಾಗ ಬೇಕಾಗಬಹುದು. ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಎಂಬ ಆದೇಶವು ಈ ಕ್ಷಣ ಮೆಮೊರಿಯಲ್ಲಿರುವ ಮಾಡ್ಯೂಲ್‌ಗಳನ್ನು ನೋಡಿ ಮಿಕ್ಕ ಮಾಡ್ಯೂಲ್‌ಗಳನ್ನೆಲ್ಲ ಕತ್ತರಿಸಿಹಾಕುತ್ತದೆ. ಕೆಲಸ ಬಹಳ ಹಗುರಾಗುತ್ತದೆ. ಆದರೆ ‘ಈ ಕ್ಷಣ’ ಎಂಬ ಮಾತನ್ನು ಅದು ಅಕ್ಷರಶಃ ತೆಗೆದುಕೊಳ್ಳುತ್ತದೆ. ಆಗ ಪೆನ್‌ಡ್ರೈವ್ ಚುಚ್ಚಿರದಿದ್ದರೆ, ಫೋನಿನಿಂದ ಯುಎಸ್‌ಬಿ ಮೂಲಕ ಇಂಟರ್‌ನೆಟ್ ಪಡೆಯುತ್ತಿರದಿದ್ದರೆ, ಪ್ರಿಂಟರ್ ಆರಿದ್ದರೆ, ಆ ಡ್ರೈವರ್‌ಗಳು ಹೊಸ ಕರ್ನಲ್ಲಿನಲ್ಲಿ ಇರುವುದಿಲ್ಲ. ಆದೇಶ ಕೊಡುವ ಮುನ್ನ ಮನೆಯಲ್ಲಿರುವ ಸಾಧನಗಳನ್ನೆಲ್ಲ ಒಂದೊಂದು ಸಲ ಜೋಡಿಸಿ ತೆಗೆಯುವುದು ನನ್ನ ಅಭ್ಯಾಸ.

ನೀರುಗಂಟಿಗೂ ಗೊತ್ತಿಲ್ಲದ ಅವಲಂಬನೆಗಳು ಕೆಲವಿವೆ, ಹೆಚ್ಚು ಕಾಡುವುದು ಅವೇ. ವರ್ಷಗಳ ಹಿಂದೆ ನನ್ನ ಲ್ಯಾಪ್‌ಟಾಪಿನ ಕರ್ನಲ್ಲನ್ನು ಸಣ್ಣದು ಮಾಡುವ ಉತ್ಸಾಹದಲ್ಲಿ ಅಕ್ಷರ ಸಂಕೇತಗಳ ಪಟ್ಟಿಗೆ ಬಂದೆ. ಯುರೋಪು, ಚೀನಾ, ಜಪಾನುಗಳ ಹತ್ತಾರು ಸಂಕೇತಗಳು ಅಲ್ಲಿದ್ದವು. ಕನ್ನಡ ಬರೆಯುವವನಿಗೆ ಯುಟಿಎಫ್-8 ಒಂದಿದ್ದರೆ ಸಾಲದೆ ಎಂದುಕೊಂಡು ಮಿಕ್ಕ ಎಲ್ಲಕ್ಕೂ ಎನ್ ಎಂದೆ. ಮರುದಿನ ಯಂತ್ರ ಅರ್ಧ ಏರಿ ತುರ್ತು ಸ್ಥಿತಿಯ ಕಪ್ಪು ಪರದೆಯಲ್ಲಿ ನಿಂತಿತು. ಕಾರಣವೇನೆಂದರೆ, ಇಎಫ್‌ಐ ಎಂಬ ಫರ್ಮ್‌ವೇರ್‌ನಿಂದ ಚಾಲೂ ಆಗುವ ಯಂತ್ರಗಳ ಬೂಟ್ ವಿಭಾಗವು ಫ್ಯಾಟ್ ಕಡತ ವ್ಯವಸ್ಥೆಯಲ್ಲಿರುತ್ತದೆ. ಅದನ್ನು ಓದುವಾಗ ಕರ್ನಲ್ ಪೂರ್ವನಿಯೋಜಿತವಾಗಿ 437ನೆಯ ಕೋಡ್‌ಪೇಜನ್ನೂ ಐಎಸ್‌ಒ 8859-1 ಎಂಬ ಸಂಕೇತವನ್ನೂ ಕೇಳುತ್ತದೆ. ಫ್ಯಾಟ್‌ಗೆ ಅಕ್ಷರ ಸಂಕೇತಗಳ ವ್ಯವಸ್ಥೆ ಬೇಕೆಂಬುದು ಕೆಕಾನ್ಫಿಗ್‌ಗೆ ಗೊತ್ತು, ಯಾವ ಸಂಕೇತ ಬೇಕಾದೀತು ಎಂಬುದು ಗೊತ್ತಿಲ್ಲ. ಅದು ತೀರ್ಮಾನವಾಗುವುದು ಕಂಪೈಲ್ ಮಾಡುವಾಗ ಅಲ್ಲ, ಡಿಸ್ಕನ್ನು ಮೌಂಟ್ ಮಾಡುವಾಗ, ಎಂದರೆ ಬಳಕೆಗೆ ಜೋಡಿಸಿಕೊಳ್ಳುವಾಗ. ಹಳೆಯ ಕರ್ನಲ್ಲನ್ನು ಅಳಿಸದೆ ಬಿಟ್ಟಿದ್ದರಿಂದ ಕರ್ನಲ್ಲನ್ನು ಮೆಮೊರಿಗೆ ಏರಿಸುವ ಗ್ರಬ್ ಎಂಬ ಬೂಟ್‌ಲೋಡರಿನ ಪಟ್ಟಿಯಲ್ಲಿ ಅದನ್ನು ಆರಿಸಿಕೊಂಡು ಪಾರಾದೆ.

ವೈ ಮತ್ತು ಎಮ್‌ಗಳ ನಡುವಿನ ಆಯ್ಕೆ ಬಹುತೇಕ ಕಡೆ ಅಷ್ಟೇನೂ ಮುಖ್ಯವಲ್ಲ. ಒಂದು ಕಡೆ ಮಾತ್ರ ಅದು ಜೀವನ್ಮರಣದ ಪ್ರಶ್ನೆ: ಮೂಲ ಡಿಸ್ಕನ್ನು ತಲುಪುವ ದಾರಿಯಲ್ಲಿ. ಮಾಡ್ಯೂಲ್‌ಗಳ ಕಡತಗಳಿರುವುದು ಆ ಡಿಸ್ಕಿನಲ್ಲೇ. ಡಿಸ್ಕಿನ ಡ್ರೈವರೋ ಅದರ ಕಡತ ವ್ಯವಸ್ಥೆಯೋ ಮಾಡ್ಯೂಲ್ ಆಗಿದ್ದರೆ, ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಒತ್ತಿದಂತಾಗುತ್ತದೆ. ಮೂಲ ಕಡತ ವ್ಯವಸ್ಥೆಯನ್ನು ಮೌಂಟ್ ಮಾಡಲಾಗಲಿಲ್ಲ ಎಂದು ಹೇಳಿ ಕರ್ನಲ್ ಪ್ಯಾನಿಕ್ ಆಗುತ್ತದೆ, ಎಂದರೆ ಮುಂದೆ ಹೋಗಲಾರದೆ ನಿಂತುಬಿಡುತ್ತದೆ. ಉಬುಂಟುವಿನಂಥ ವಿತರಣೆಗಳು ಬೇಕಾದ ಮಾಡ್ಯೂಲ್‌ಗಳನ್ನು ಇನಿಟ್‌ರಾಮ್‌ಎಫ್‌ಎಸ್ ಎಂಬ ಗಂಟಿನಲ್ಲಿ ಕಟ್ಟಿ, ಬೂಟ್‌ಲೋಡರಿನ ಕೈಯಿಂದ ಕರ್ನಲ್ಲಿನ ಜೊತೆಗೇ ಮೆಮೊರಿಗೆ ಏರಿಸುವ ಮೂಲಕ ಈ ತೊಡಕನ್ನು ಬಿಡಿಸಿವೆ. ವಿದ್ಯಾರ್ಥಿಗಳ ಬೋರ್ಡಿನಲ್ಲಿ ಅಂಥ ಗಂಟು ಇರಲಿಲ್ಲ. ಅದು ಏರುತ್ತಿದ್ದುದು ನೇರವಾಗಿ ಎಸ್‌ಡಿ ಕಾರ್ಡಿನಿಂದ. ಆದ್ದರಿಂದ ಕಾರ್ಡಿನ ನಿಯಂತ್ರಕದ ಡ್ರೈವರ್, ಕಾರ್ಡನ್ನು ಡಿಸ್ಕಿನಂತೆ ತೋರಿಸುವ ಎಂಎಂಸಿ ಬ್ಲಾಕ್ ಸಾಧನ, ಇಎಕ್ಸ್‌ಟಿ4 ಎಂಬ ಕಡತ ವ್ಯವಸ್ಥೆ ಈ ಮೂರೂ ವೈ ಆಗಿಯೇ ಇರಬೇಕಿತ್ತು. ಅವನ್ನು ಮುಟ್ಟಬೇಡಿ ಎಂದು ಮೊದಲೇ ಹೇಳಿದೆ.

ಇಷ್ಟೆಲ್ಲ ಮಾಡಿದರೆ ಕಂಪ್ಯೂಟರ್ ವೇಗವಾಗುತ್ತದೆಯೇ ಎಂದು ಕೇಳುವವರು ಬಹಳ. ದಿನನಿತ್ಯದ ಲ್ಯಾಪ್‌ಟಾಪಿನಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವುದು ಅಪರೂಪ ಎಂಬುದೇ ನನ್ನ ಅನುಭವ. ಸೆಕೆಂಡಿಗೆ 100, 250, 300, 1000 ಎಂಬ ಗಡಿಯಾರದ ಮಿಡಿತದ ಆಯ್ಕೆಗಳ ಬಗ್ಗೆ ನಡೆಯುವ ಚರ್ಚೆಗಳಿಗೆ ಕೊನೆಯಿಲ್ಲ. ಧ್ವನಿಮುದ್ರಣದಂಥ ಕೆಲಸವಿಲ್ಲದವರು ಅದನ್ನು ಇದ್ದಂತೆ ಬಿಡಬಹುದು. ನಿಜವಾದ ಪ್ರಯೋಜನವಿರುವುದು ಎರಡು ಕಡೆ. ಮೆಮೊರಿ ಕಡಿಮೆ ಇರುವ ಸಣ್ಣ ಬೋರ್ಡುಗಳಲ್ಲಿ ಗಾತ್ರ ಇಳಿಯುತ್ತದೆ. ಇನ್ನೊಂದು ಸುರಕ್ಷತೆ: 2017ರಲ್ಲಿ ಡಿಸಿಸಿಪಿ ಎಂಬ, ಬಳಸುವವರು ವಿರಳವಾದ ನೆಟ್‌ವರ್ಕ್ ಪ್ರೋಟೊಕಾಲಿನ ಕೋಡಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅಡಗಿದ್ದ ದೋಷವೊಂದು ಬೆಳಕಿಗೆ ಬಂತು. ಅದರಿಂದ ಯಂತ್ರದ ಸಾಮಾನ್ಯ ಬಳಕೆದಾರನೊಬ್ಬ ರೂಟ್ ಅಧಿಕಾರ, ಎಂದರೆ ಯಂತ್ರದ ಮೇಲೆ ಪೂರ್ಣ ಹಿಡಿತ, ಪಡೆಯಬಹುದಾಗಿತ್ತು. ಆ ಆಯ್ಕೆಗೆ ಎನ್ ಎಂದಿದ್ದವರಿಗೆ ಆ ದೋಷದ ಭಯವೇ ಇರಲಿಲ್ಲ.

ವಿದ್ಯಾರ್ಥಿಗಳೊಂದಿಗೆ ಕುಳಿತು ಮಾಡಿದ ಕೆಲಸ ಇಷ್ಟೆಲ್ಲ ಹೇಳಿದ್ದಕ್ಕಿಂತ ಚಿಕ್ಕದು. ಬೋರ್ಡಿನ ಪ್ರೊಸೆಸರ್ ಆರ್ಮ್ ಜಾತಿಯದು, ಕಂಪೈಲ್ ಮಾಡುವ ಲ್ಯಾಪ್‌ಟಾಪಿನದು ಇಂಟೆಲ್ ಜಾತಿಯದು; ಆದ್ದರಿಂದ ಮೆನುಕಾನ್ಫಿಗ್ ತೆರೆಯುವಾಗಲೂ ‘ಆರ್ಕ್=ಆರ್ಮ್’ ಎಂದು ಹೇಳಲೇಬೇಕು, ಇಲ್ಲದಿದ್ದರೆ ಕೆಕಾನ್ಫಿಗ್ ಲ್ಯಾಪ್‌ಟಾಪಿನ ಜಾತಿಯನ್ನೇ ಹಿಡಿದು ಬೋರ್ಡಿನ ಆಯ್ಕೆಗಳನ್ನೆಲ್ಲ ಕೈಬಿಟ್ಟು ಕಡತವನ್ನು ಕೆಡಿಸುತ್ತದೆ. ಯುಎಸ್‌ಬಿ ಸೀರಿಯಲ್‌ಗೆ ವೈ ಎಂದೆವು. ಅಲ್ಲಿಯವರೆಗೆ ಕಾಣದಿದ್ದ ಒಳಪಟ್ಟಿ ತೆರೆದುಕೊಂಡಿತು, ಅದರಲ್ಲಿ ಸಿಎಚ್341ಕ್ಕೂ ವೈ ಎಂದೆವು. ಉಳಿಸಿ ಹೊರಬಂದ ಮೇಲೆ, ಹಳೆಯ ಮತ್ತು ಹೊಸ ಸಂರಚನೆಗಳನ್ನು ಹೋಲಿಸಿ ತೋರಿಸುವ ‘ಡಿಫ್‌ಕಾನ್ಫಿಗ್’ ಎಂಬ ಸಣ್ಣ ಸಾಧನವನ್ನು ಓಡಿಸಿದೆವು. ಎರಡೇ ಉತ್ತರ ಬದಲಿಸಿದ್ದರೂ ಪರದೆಯ ಮೇಲೆ ಹತ್ತಾರು ಸಾಲುಗಳು ಬಂದದ್ದನ್ನು ನೋಡಿ ಅವರಲ್ಲೊಬ್ಬಳು ಗಾಬರಿಯಾದಳು. ಒಂದೊಂದೇ ಸಾಲನ್ನು ಓದುತ್ತ ಹೋದಂತೆ ಅವೆಲ್ಲ ಬೇರೆ ಬೇರೆ ಯುಎಸ್‌ಬಿ ಸೀರಿಯಲ್ ಚಿಪ್ಪುಗಳ ಹೆಸರುಗಳು, ಬಹುತೇಕ ಎಲ್ಲದರ ಮುಂದೆ ಎನ್ ಎಂದಿದೆ ಎಂಬುದು ಗೊತ್ತಾಯಿತು. ಕವಲಿನ ಬಾಗಿಲು ತೆರೆದೊಡನೆ ಅದರ ಕೆಳಗಿನ ತೂಬುಗಳೆಲ್ಲ ಮೊದಲ ಬಾರಿಗೆ ಲೆಕ್ಕದ ಪುಸ್ತಕಕ್ಕೆ ಬಂದಿದ್ದವು, ಮುಚ್ಚಿದ ಸ್ಥಿತಿಯಲ್ಲೇ. ಸಂಜೆ ಹೊಸ ಕರ್ನಲ್ಲನ್ನು ಕಾರ್ಡಿಗೆ ಹಾಕಿ ಕೇಬಲ್ ಚುಚ್ಚಿದಾಗ, ಸಿಎಚ್341 ಈಗ ಟಿಟಿವೈಯುಎಸ್‌ಬಿ0 ಎಂಬ ಸಾಧನದ ಹೆಸರಿಗೆ ಜೋಡಣೆಯಾಗಿದೆ ಎಂಬ ಸಾಲು ಕರ್ನಲ್ಲಿನ ಸಂದೇಶಗಳಲ್ಲಿ ಮೂಡಿತು.